ಹದಿನಾಲ್ಕರ ಹುಡುಗಿ, ಅವಳ ಕೈಯ ಮಾಯೆ

ಕಥೆಯ ಎಳೆ ಸರಳ. ಹದಿಮೂರು ಹದಿನಾಲ್ಕರ ಹುಡುಗಿ. ಬಸ್ ಪಾಸು, ಗಣಿತದ ಪರೀಕ್ಷೆ, ಮನೆಯಲ್ಲಿ ಬೈಗುಳ, ಗೆಳತಿಯ ಜೊತೆ ಮುನಿಸು. ಇಂಥವಳಿಗೆ ಒಂದು ದಿನ ತನ್ನೊಳಗೆ ಮಾಯೆಯಿದೆ ಎಂದು ತಿಳಿಯುತ್ತದೆ. ಏಳು ಸಮುದ್ರ ದಾಟಿ ಹೋಗಿ ಅಲ್ಲ, ದಿನಾ ಓಡಾಡುವ ಬೀದಿಯಲ್ಲೇ ಅವಳು ಅದನ್ನು ಬಳಸಲು ಕಲಿಯಬೇಕು. ‘ಅರ್ಬನ್ ಫ್ಯಾಂಟಸಿ’ ಎಂದು ಪ್ರಕಾಶಕರು ಹೆಸರಿಟ್ಟಿರುವ ಈ ಬಗೆಯ ಕಥೆಗಳಲ್ಲಿ ಮಾಟಗಾತಿ ಹುಡುಗಿಯರದ್ದೇ ಒಂದು ದೊಡ್ಡ ವಂಶವಿದೆ. ಅಮೆರಿಕದ ಆರ್ಚಿ ಕಾಮಿಕ್ಸಿನಲ್ಲಿ 1962ರಲ್ಲಿ ಹುಟ್ಟಿದ ಸಬ್ರಿನಾ 1996ರಲ್ಲಿ ಟಿವಿಗೆ ಬಂದಳು, 2018ರಲ್ಲಿ ಇನ್ನಷ್ಟು ಕರಾಳ ರೂಪದಲ್ಲಿ ನೆಟ್‌ಫ್ಲಿಕ್ಸಿಗೆ ಬಂದಳು. ಇಂಗ್ಲೆಂಡಿನ ಜಿಲ್ ಮರ್ಫಿ 1974ರಲ್ಲಿ ಮಾಟಗಾತಿಯರ ಶಾಲೆಯಲ್ಲಿ ಸದಾ ಎಡವುವ ವಿದ್ಯಾರ್ಥಿನಿಯೊಬ್ಬಳ ಕಥೆ ಬರೆದರು. 1997ರಲ್ಲಿ ಹ್ಯಾರಿ ಪಾಟರ್ ಬಂದ. ಆದರೆ ಲಕ್ಷಾಂತರ ಹುಡುಗಿಯರು ಆ ಪುಸ್ತಕಗಳನ್ನು ಓದಿದ್ದು ಅವನ ಗೆಳತಿ ಹರ್ಮಾಯ್ನಿಗಾಗಿ. ಹದಿಹರೆಯದವರ ಪುಸ್ತಕದಂಗಡಿಗಳಲ್ಲಿ ಇಂದಿಗೂ ಈ ಕಪಾಟು ಬರಿದಾಗಿಲ್ಲ.

ಇವುಗಳ ಸೆಳೆತವೇನು? ಆ ಸೆಳೆತಕ್ಕೂ ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಗಡಿ ಹೋಬಳಿ ಧರ್ಮಪುರಕ್ಕೂ ಏನು ಸಂಬಂಧ? ಎರಡೂ ಪ್ರಶ್ನೆಗಳನ್ನು ಒಟ್ಟಿಗೇ ಕೇಳಬೇಕು ಎನ್ನುವುದು ನನ್ನ ವಾದ. ಲೋಕದ ಓದುಗಿಯರನ್ನು ಹಿಡಿದಿಟ್ಟಿರುವ ಈ ಕಥೆಯ ಮೂಲದ್ರವ್ಯ ನಮ್ಮ ಬಯಲುಸೀಮೆಯ ಹುಡುಗಿಯ ಬದುಕಿನಲ್ಲಿ ಲಂಡನ್, ನ್ಯೂಯಾರ್ಕಿನ ಹುಡುಗಿಯ ಬದುಕಿಗಿಂತ ದಟ್ಟವಾಗಿದೆ.

ಮಾಯೆ ಯಾವ ವಯಸ್ಸಿಗೆ ಬರುತ್ತದೆ ಎಂಬುದನ್ನು ಗಮನಿಸಿ. ಜಪಾನಿನ ಎಯ್ಕೊ ಕಡೋನೊ 1985ರಲ್ಲಿ ಬರೆದ, ಹಯಾವೊ ಮಿಯಾಜಾಕಿ 1989ರಲ್ಲಿ ಆನಿಮೇಷನ್ ಚಿತ್ರ ಮಾಡಿದ ‘ಕಿಕಿಸ್ ಡೆಲಿವರಿ ಸರ್ವಿಸ್’ನಲ್ಲಿ ಹದಿಮೂರು ತುಂಬಿದ ಮಾಟಗಾತಿ ಹುಡುಗಿ ಹುಣ್ಣಿಮೆಯ ರಾತ್ರಿ ಮನೆ ಬಿಟ್ಟು, ಬೇರೆ ಮಾಟಗಾತಿಯಿಲ್ಲದ ಊರು ಹುಡುಕಿಕೊಂಡು, ಅಲ್ಲಿ ಒಂದು ವರ್ಷ ಸ್ವಂತ ದುಡಿಮೆಯಲ್ಲಿ ಬದುಕಬೇಕು. ಅದು ಅವರ ಕುಲದ ಕಟ್ಟಳೆ. ಅಪ್ಪ ರೇಡಿಯೋ ಕೊಡುತ್ತಾನೆ, ಅಮ್ಮ ತನ್ನ ಪೊರಕೆ ಕೊಡುತ್ತಾಳೆ, ನೆರೆಹೊರೆಯವರು ಬೀಳ್ಕೊಡುತ್ತಾರೆ. ಹುಡುಗಿ ದೊಡ್ಡವಳಾದಳು ಎನ್ನುವುದಕ್ಕೆ ಆ ಊರಿನಲ್ಲಿ ಅರ್ಥ ಅದು: ಇನ್ನು ಹೊರಡಬಹುದು.

ನಮ್ಮ ಕಡೆ ಹುಡುಗಿ ಮೈನೆರೆದರೆ ಸೋದರಮಾವ ಹಸಿಸೊಪ್ಪು ತಂದು ಗುಡ್ಲು ಹಾಕುತ್ತಾನೆ. ಚಿಗಳಿ, ಕೊಬ್ಬರಿ, ಬೆಲ್ಲ, ತುಪ್ಪ ತಿನ್ನಿಸುತ್ತಾರೆ. ಹೊಸ ಸೀರೆ ಉಡಿಸಿ, ಮುತ್ತೈದೆಯರು ಸೇರಿ, ಸೋಬಾನೆ ಹಾಡಿ ಆರತಿ ಎತ್ತುತ್ತಾರೆ. ಅದೂ ಚಂದದ ದಿನವೇ; ಅವಳ ಬಾಲ್ಯದಲ್ಲಿ ಇಡೀ ಓಣಿ ಅವಳೊಬ್ಬಳನ್ನೇ ನೋಡುವ ದಿನ ಅದೊಂದೇ ಇದ್ದೀತು. ಆದರೆ ಆರತಿಯ ಮರುವಾರದಿಂದ ಏನಾಗುತ್ತದೆ ಎಂಬುದು ಹುಡುಗಿಯರಿಗೆಲ್ಲ ಗೊತ್ತು. ಕೆರೆ ಏರಿಯ ಮೇಲೆ ಆಟ ನಿಲ್ಲುತ್ತದೆ. ಸೈಕಲ್ ತಮ್ಮನ ಪಾಲಾಗುತ್ತದೆ. ಎಲ್ಲಿ ಹೋಗಿದ್ದೆ, ಯಾರ ಜೊತೆ ಮಾತಾಡ್ತಿದ್ದೆ, ಫೋನಿನಲ್ಲಿ ಯಾರು ಎಂಬ ಪ್ರಶ್ನೆಗಳು ಶುರುವಾಗುತ್ತವೆ. ಕೈಗೆ ಶಕ್ತಿ ಬರುವ ವಯಸ್ಸಿಗೇ ಕೈ ಕಟ್ಟಿಹಾಕುವ ಕೆಲಸವೂ ಆರಂಭ. ಮಾಟಗಾತಿ ಹುಡುಗಿಯ ಕಥೆ ಹೊಡೆತ ಕೊಡುವುದು ಸರಿಯಾಗಿ ಈ ಜಾಗಕ್ಕೆ. ಸಮಾಜ ಕಿತ್ತುಕೊಳ್ಳುವ ಗಳಿಗೆಯಲ್ಲೇ ಕಥೆ ಕೊಡುತ್ತದೆ. ಈ ಪುಸ್ತಕಗಳನ್ನು ಹುಡುಗಿಯರು ದಿಂಬಿನ ಕೆಳಗಿಟ್ಟುಕೊಂಡು ಓದುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಹಿರಿಯೂರು, ಚಳ್ಳಕೆರೆ, ಹೊಸದುರ್ಗದ ಸುತ್ತ ಕಾಡುಗೊಲ್ಲರ ಹಟ್ಟಿಗಳಿವೆ. ಮುಟ್ಟಾದ ಹೆಣ್ಣು, ಬಾಣಂತಿ ಹಟ್ಟಿಯ ಹೊರಗಿರಬೇಕೆಂಬ ಸೂತಕದ ಕಟ್ಟಳೆ ಅಲ್ಲಿ ತಲೆಮಾರುಗಳಿಂದ ಬಂದದ್ದು. ಅದು ಹಳೆಯ ಮಾತೆಂದು ತಳ್ಳಿಹಾಕುವಂತಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹೊರಗಿನ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಇದೇ ಸಮುದಾಯ ನಾಡಿಗೆ ಸಿರಿಯಜ್ಜಿಯನ್ನೂ ಕೊಟ್ಟಿದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಈ ಅಜ್ಜಿ ಅಕ್ಷರ ಕಲಿಯದೆ ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಹೊತ್ತಿದ್ದರು. ಕೃಷ್ಣಮೂರ್ತಿ ಹನೂರರು ಅವನ್ನು ಸಂಗ್ರಹಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಜ್ಜಿಗೆ ನಾಡೋಜ ಗೌರವ ನೀಡಿತು. ಮೈಲಿಗೆಯೆಂದು ಹೊರಗಿಡುವ ಕಟ್ಟಳೆ, ಸಾವಿರ ಹಾಡಿನ ಶಕ್ತಿ, ಎರಡೂ ಒಂದೇ ಹಟ್ಟಿಯ ಹೆಣ್ಣಿನ ಪಾಲಿಗೆ ಬಂದಿವೆ. ಇದಕ್ಕಿಂತ ಗಟ್ಟಿಯಾದ ಕಥಾವಸ್ತು ಯಾವ ದೇಶದ ಕಾದಂಬರಿಕಾರನಿಗೆ ಸಿಕ್ಕೀತು?

ಮಾಟ ಮಂತ್ರದ ಕಥೆಗೆ ನಮ್ಮಲ್ಲಿ ಬರವೇನೂ ಇರಲಿಲ್ಲ. ಅಮಾವಾಸ್ಯೆಯ ಮರುದಿನ ಮೂರು ದಾರಿ ಕೂಡುವಲ್ಲಿ ಬಿದ್ದಿರುವ ನಿಂಬೆಹಣ್ಣು ದಾಟಬಾರದೆಂದು ತಿಳಿಯದ ಮಗು ಧರ್ಮಪುರದ ಸುತ್ತಮುತ್ತ ಇರಲಾರದು. ಗಾಳಿ ಸೋಕಿದರೆ ಅಂತ್ರ ಕಟ್ಟಿಸುವುದು, ದೃಷ್ಟಿಯಾದರೆ ಇಳಿ ತೆಗೆಯುವುದು, ಯಾರೋ ಮಾಡಿಸಿದ್ದಾರೆಂದು ತಡೆ ಒಡೆಸುವುದು ಇವೆಲ್ಲ ಮನೆಮಾತು. ಪ್ರಶ್ನೆ ಇಷ್ಟೇ: ಈ ಕಥೆಗಳಲ್ಲಿ ಹುಡುಗಿ ಎಲ್ಲಿದ್ದಾಳೆ?

ನಾನು ನೋಡಿದಂತೆ ಅವಳಿಗೆ ಸಿಕ್ಕಿರುವ ಜಾಗಗಳು ತೀರಾ ಕಡಿಮೆ. ಒಂದು, ಮಾಟಕ್ಕೆ ತುತ್ತಾಗುವವಳು. ಗಡಿಯ ಈಚೆ ಆಚೆ ಎರಡೂ ಭಾಷೆಗಳಲ್ಲಿ ಓದುಗರ ನಿದ್ದೆಗೆಡಿಸಿದ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ವನ್ನೇ ತೆಗೆದುಕೊಳ್ಳಿ. ತೆಲುಗಿನಿಂದ ಬಂದು ಕನ್ನಡದ್ದೇ ಎಂಬಂತೆ ಓದಿಸಿಕೊಂಡ ಈ ಕಾದಂಬರಿ 1985ರಲ್ಲಿ ಕನ್ನಡ ಚಿತ್ರವೂ ಆಯಿತು. ಇಡೀ ಕಥೆ ತುಳಸಿ ಎಂಬ ಪುಟ್ಟ ಹುಡುಗಿಯ ಮೇಲೆ ನಡೆಯುವ ಪ್ರಯೋಗದ ಸುತ್ತ ತಿರುಗುತ್ತದೆ. ಮಾಂತ್ರಿಕರಿದ್ದಾರೆ, ವೈದ್ಯರಿದ್ದಾರೆ, ತಂದೆಯಿದ್ದಾನೆ, ಎಲ್ಲರಿಗೂ ಮಾಡಲು ಕೆಲಸವಿದೆ. ತುಳಸಿಗೆ ಮಾತ್ರ ನರಳುವ ಕೆಲಸ. ‘ಚಂದಮಾಮ’ದ ಧಾರಾವಾಹಿಗಳನ್ನು ನೆನೆಸಿಕೊಳ್ಳಿ. 1949ರಿಂದ ಕನ್ನಡದಲ್ಲಿ ಬಂದ ಆ ಪತ್ರಿಕೆ ನಮ್ಮ ಎರಡು ಮೂರು ತಲೆಮಾರಿಗೆ ಮಾಯಾಲೋಕವನ್ನು ಮನೆಬಾಗಿಲಿಗೆ ತಂದುಕೊಟ್ಟಿತು, ಆ ಋಣ ದೊಡ್ಡದು. ಅಲ್ಲಿಯೂ ಮಂತ್ರದಂಡ ಗಡ್ಡದ ಮುದುಕನ ಕೈಯಲ್ಲಿ, ಸಾಹಸ ಯುವಕನ ಪಾಲಿಗೆ. ರಾಜಕುಮಾರಿ ಹೆಚ್ಚಾಗಿ ಅಪಹರಣವಾಗಲು ಇದ್ದವಳು.

ಇನ್ನೊಂದು ಜಾಗ, ಮೈಮೇಲೆ ಬರುವುದು. ಮಾರಮ್ಮನ ಜಾತ್ರೆಗಳಲ್ಲಿ ಇದನ್ನು ಕಾಣದವರಿಲ್ಲ. ಮನೆಯಲ್ಲಿ ತಲೆ ಎತ್ತಿ ಮಾತಾಡದ ಹೆಣ್ಣುಮಗಳು ಮುಡಿ ಬಿಚ್ಚಿ ಗದರುತ್ತಾಳೆ; ಗಂಡ, ಅತ್ತೆ, ಊರಗೌಡ ಎಲ್ಲರೂ ಕೈಮುಗಿದು ಕೇಳುತ್ತಾರೆ. ಮಾತು ಅವಳದ್ದೇ, ಸಂಕಟವೂ ಅವಳದ್ದೇ. ಕೇಳಿಸಿಕೊಳ್ಳುವುದು ಮಾತ್ರ ಅಮ್ಮನ ಮಾತೆಂದು. ದೇವರು ಇಳಿದ ಮೇಲೆ ಅವಳು ಮತ್ತೆ ನೀರಿಗೆ ಹೋಗುವ ಹೆಣ್ಣು. ಕಲಬುರಗಿ, ಬೀದರ್ ಕಡೆಯ ಭಾನಾಮತಿ ಎಂಬ ಮಾಟದ ಕಾಟದಲ್ಲೂ ಇಂಥದೇ ಸ್ಥಿತಿ: ಹೆಚ್ಚಾಗಿ ಹೆಣ್ಣುಮಕ್ಕಳೇ ಬೀಳುತ್ತಿದ್ದರು, ಕೂಗುತ್ತಿದ್ದರು. ಮನೋವೈದ್ಯರು ಅಲ್ಲಿ ಕಂಡದ್ದು ಹೇಳಲಾಗದ ಒತ್ತಡವನ್ನು. ಅಮೆರಿಕದ ಸೇಲಂನಲ್ಲಿ 1692ರಲ್ಲಿ ನಡೆದ ಮಾಟಗಾತಿ ವಿಚಾರಣೆಗಳನ್ನೂ ಇದರ ಪಕ್ಕ ಇಟ್ಟು ನೋಡಬೇಕು. ಒಂಬತ್ತರ ಬೆಟ್ಟಿ ಪ್ಯಾರಿಸ್, ಹನ್ನೊಂದರ ಅಬಿಗೇಲ್ ವಿಲಿಯಮ್ಸ್ ಮೈ ತಿರುಚಿ ಕೂಗಿದಾಗ ಮಾತ್ರ ಆ ಊರಿನ ಹಿರಿಯರು ಹುಡುಗಿಯರ ಮಾತಿಗೆ ಕಿವಿಗೊಟ್ಟರು. ಪರಿಣಾಮ, ಹತ್ತೊಂಬತ್ತು ಮಂದಿ ಗಲ್ಲಿಗೇರಿದರು, ಒಬ್ಬ ಮುದುಕನನ್ನು ಕಲ್ಲು ಹೇರಿ ಕೊಂದರು.

ಮೂರನೆಯದು ಆರೋಪ. ಮಾಟಗಾತಿ ಎಂಬ ಹಣೆಪಟ್ಟಿ ಕಥೆಯಾಚೆಗೆ ನಿಜವಾದ ಹೆಂಗಸರ ಮೇಲೆ ಬೀಳುತ್ತದೆ. ಹೆಚ್ಚಾಗಿ ಒಂಟಿ ವಿಧವೆ, ಜಮೀನಿರುವ ಮುದುಕಿ, ಎದುರು ಮಾತಾಡುವವಳು ಇದಕ್ಕೆ ಸಿಗುತ್ತಾರೆ. ಜಾರ್ಖಂಡಿನ ಛುಟ್ನಿ ಮಹತೊ ಅಂಥ ಆರೋಪ ಹೊತ್ತು ಊರು ಬಿಟ್ಟು, ಆಮೇಲೆ ತನ್ನಂಥ ಹೆಂಗಸರ ರಕ್ಷಣೆಗೆ ನಿಂತರು. ಅಸ್ಸಾಮಿನ ಬೀರುಬಾಲಾ ರಾಭಾ ಅದೇ ಹೋರಾಟದಲ್ಲಿ ಬದುಕು ಸವೆಸಿದರು. 2021ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು.

ಬಲಿಪಶು, ದೇವರ ವಾಹನ, ಆರೋಪಿ. ಹೊಸ ಕಾದಂಬರಿಗಳು ಹುಡುಗಿಗೆ ಕೊಟ್ಟದ್ದು ಇವು ಮೂರೂ ಅಲ್ಲದ ಜಾಗ. ಮಾಯೆ ಅವಳದ್ದು, ದನಿಯೂ ಅವಳದ್ದೇ. ತಪ್ಪು ಮಾಡಿದರೆ ಅವಳೇ ಸರಿಪಡಿಸಬೇಕು. ಟೆರಿ ಪ್ರಾಚೆಟ್ 2003ರಲ್ಲಿ ಸೃಷ್ಟಿಸಿದ ಟಿಫನಿ ಏಕಿಂಗ್ ಕುರಿಗಾಹಿಗಳ ಮನೆಯ ಹುಡುಗಿ. ಊರಿನವರು ಮಾಟಗಾತಿಯೆಂದು ಬಗೆದು ಮುದುಕಿಯೊಬ್ಬಳನ್ನು ಚಳಿಗೆ ಸಾಯಬಿಟ್ಟದ್ದನ್ನು ಕಂಡ ಮೇಲೆ ಅವಳು ತಾನೇ ಮಾಟಗಾತಿಯಾಗಬೇಕೆಂದು ನಿರ್ಧರಿಸುತ್ತಾಳೆ, ಇನ್ನೊಮ್ಮೆ ಅಂಥದ್ದು ಆಗಬಾರದೆಂದು. ಕುರಿ, ಹಟ್ಟಿ, ಅಜ್ಜಿಯ ಕೈಮದ್ದು, ಹೊರಗಿಟ್ಟ ಮುದುಕಿ: ಓದುತ್ತಾ ಹೋದಂತೆ ಇದು ಇಂಗ್ಲೆಂಡಿನ ಗುಡ್ಡಗಾಡೋ ನಮ್ಮ ಹಿರಿಯೂರು ಸೀಮೆಯೋ ಎಂಬಷ್ಟು ಹತ್ತಿರವಾಗುತ್ತದೆ.

ನೈಜೀರಿಯಾ ಮೂಲದ ನ್ನೆಡಿ ಒಕೊರಾಫೋರ್ 2011ರಲ್ಲಿ ಬರೆದ ‘ಅಕಾಟಾ ವಿಚ್’ ನನ್ನ ಲೆಕ್ಕದಲ್ಲಿ ಈ ಇಡೀ ಕಪಾಟಿನ ಅತಿ ಮುಖ್ಯ ಪುಸ್ತಕಗಳಲ್ಲೊಂದು. ನಾಯಕಿ ಸನ್ನಿಗೆ ಹನ್ನೆರಡು ವರ್ಷ. ಅಮೆರಿಕದಲ್ಲಿ ಹುಟ್ಟಿ ನೈಜೀರಿಯಾದ ಅಬಾ ಪಟ್ಟಣಕ್ಕೆ ಬಂದವಳು. ಚರ್ಮದಲ್ಲಿ ಬಣ್ಣವಿಲ್ಲ, ಬಿಸಿಲಿಗೆ ಬರುವಂತಿಲ್ಲ, ಶಾಲೆಯಲ್ಲಿ ಎಲ್ಲರ ಗೇಲಿಗೆ ಗುರಿ. ಮಾಯಾವಿದ್ಯೆಯ ಗುಂಪಿಗೆ ಸೇರಿದಾಗ ತಿಳಿಯುತ್ತದೆ: ಊರು ಯಾವುದನ್ನು ಕೊರತೆ ಎಂದಿತೋ ಅದೇ ಅವಳ ಶಕ್ತಿಯ ಬೇರು. ಈ ಲೋಕದಲ್ಲಿ ಯಾರಾದರೂ ಹೊಸದೊಂದನ್ನು ಕಲಿತರೆ ಮೇಲಿನಿಂದ ಲೋಹದ ನಾಣ್ಯಗಳು ಉದುರುತ್ತವೆ. ದುಡ್ಡು ಗಳಿಸುವ ದಾರಿ ಕಲಿಯುವುದೊಂದೇ. ಒಕೊರಾಫೋರ್ ಯೂರೋಪಿನ ಪೊರಕೆ, ಚೂಪು ಟೋಪಿಗಳನ್ನು ಎರವಲು ತರಲಿಲ್ಲ. ಅಲ್ಲಿಯ ಜೂಜು, ಅಲ್ಲಿಯ ಮುಖವಾಡದ ಕುಣಿತ, ನ್ಸಿಬಿಡಿ ಎಂಬ ಅಲ್ಲಿಯದೇ ಹಳೆಯ ಚಿತ್ರಲಿಪಿ ಇವುಗಳಿಂದಲೇ ಮಾಯೆ ಕಟ್ಟಿದರು. ಆಫ್ರಿಕಾದ ಊರೊಂದಕ್ಕೆ ಸಾಧ್ಯವಾದದ್ದು ನಮಗೇಕೆ ಆಗಲಿಲ್ಲ?

ಆಗಿಲ್ಲವೆಂದರೂ ತಪ್ಪು. ಕನ್ನಡದ ಅಜ್ಜಿಯರು ಅದನ್ನು ಎಂದೋ ಹೇಳಿದ್ದಾರೆ. ಎ.ಕೆ. ರಾಮಾನುಜನ್ ಕನ್ನಡದಿಂದ ಸಂಗ್ರಹಿಸಿ ಇಂಗ್ಲಿಷಿಗೆ ಕೊಂಡೊಯ್ದ, ಅವರು ತೀರಿಕೊಂಡ ಮೇಲೆ 1997ರಲ್ಲಿ ಬಂದ ಸಂಕಲನಕ್ಕೆ ಹೆಸರನ್ನೂ ಕೊಟ್ಟ ‘ಹೂಮರವಾಗುವ ಹುಡುಗಿ’ಯ ಕಥೆಯನ್ನು ಹದಿಹರೆಯದ ಮಾಯಾವಿನಿಯ ಕಥೆ ಎನ್ನದೆ ಬೇರೇನೆನ್ನೋಣ? ಕೂಲಿನಾಲಿ ಮಾಡಿ ಸಾಕುವ ಮುದಿತಾಯಿ, ಇಬ್ಬರು ಹೆಣ್ಣುಮಕ್ಕಳು. ತಾಯಿಯ ಪಾಡು ನೋಡಲಾರದೆ ಕಿರಿಯವಳು ಅಕ್ಕನಿಗೆ ಗುಟ್ಟು ಹೇಳುತ್ತಾಳೆ. ಉಗುರು ಸೋಕದಂತೆ ಎರಡು ಕೊಡ ನೀರು ತಾ. ನಾನು ಧ್ಯಾನಕ್ಕೆ ಕೂರುತ್ತೇನೆ. ಒಂದು ಕೊಡ ಮೈಮೇಲೆ ಹೊಯ್ದರೆ ಮರವಾಗುತ್ತೇನೆ, ಬೇಕಾದಷ್ಟು ಹೂ ಬಿಡಿಸಿಕೋ, ಆದರೆ ಎಲೆ ಹರಿಯಬೇಡ, ರೆಂಬೆ ಮುರಿಯಬೇಡ. ಇನ್ನೊಂದು ಕೊಡ ಹೊಯ್ದರೆ ಮತ್ತೆ ಹುಡುಗಿಯಾಗುತ್ತೇನೆ. ಆ ಹೂ ಮಾರಿ ಸಂಸಾರ ನಡೆಯುತ್ತದೆ. ಅರಮನೆಯ ಹುಡುಗ ನೋಡಿ ಮದುವೆಯಾಗುತ್ತಾನೆ, ಅವನ ಆಸೆಗೂ ಅವಳು ಮರವಾಗಬೇಕು. ಕೊನೆಗೆ ನಾದಿನಿ ತನ್ನ ಗೆಳತಿಯರ ಮುಂದೆ ತೋರಿಸೆಂದು ತೋಪಿಗೆ ಒಯ್ಯುತ್ತಾಳೆ. ಆ ಹುಡುಗಿಯರು ಗಲಾಟೆಯಲ್ಲಿ ರೆಂಬೆ ಮುರಿದು, ನೀರನ್ನು ಅರೆಬರೆ ಹೊಯ್ದು ಓಡುತ್ತಾರೆ. ಕೈಕಾಲಿಲ್ಲದ ಅರ್ಧದೇಹವಾಗಿ ಅವಳು ಮೋರಿಯಲ್ಲಿ ಬೀಳುತ್ತಾಳೆ. ಬಹುಕಾಲದ ಮೇಲೆ ಗಂಡ ಮುರಿದ ಕೊಂಬೆಗಳನ್ನು ಜೋಡಿಸಿ ನೀರು ಹೊಯ್ದಾಗಲೇ ಅವಳು ಪೂರ್ತಿಯಾಗುವುದು.

ಈ ಪ್ರಕಾರಕ್ಕೆ ಬೇಕಾದದ್ದೆಲ್ಲ ಇಲ್ಲಿದೆ. ಹರೆಯದ ಹುಡುಗಿ, ಅವಳ ಮೈಯಲ್ಲೇ ಇರುವ ಶಕ್ತಿ, ಆ ಶಕ್ತಿಗೆ ಕಟ್ಟುನಿಟ್ಟಿನ ನಿಯಮ, ನಂಬಿಕೆಯ ಅಕ್ಕ, ನಂಬಿಕೆ ಮುರಿಯುವ ಓರಗೆಯವರು, ಮಾಯೆಗೆ ತೆರಬೇಕಾದ ಬೆಲೆ. ಅಮೆರಿಕದ ಎಷ್ಟೋ ಮಾಟಗಾತಿ ಕಾದಂಬರಿಗಳಿಗೆ ಗೊತ್ತಿಲ್ಲದ ಸತ್ಯವೊಂದು ನಮ್ಮ ಅಜ್ಜಿಗೆ ಗೊತ್ತಿತ್ತು: ಹುಡುಗಿ ಅತಿ ಶಕ್ತಳಾಗಿರುವ ಗಳಿಗೆಯೇ ಅವಳು ಅತಿ ಅಸಹಾಯಕಳಾಗಿರುವ ಗಳಿಗೆ. ಮರವಾಗಿ ನಿಂತವಳು ಓಡಲಾರಳು. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು ‘ಚೆಲುವಿ’ ಎಂಬ ಹಿಂದಿ ಚಿತ್ರವಾಗಿಸಿದರು. ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಇದನ್ನು ಒಪೆರಾ ಮಾಡಿ 2006ರಲ್ಲಿ ವಿಯೆನ್ನಾದಲ್ಲಿ ಪ್ರಯೋಗಿಸಿದರು. ನಮ್ಮ ಹುಡುಗಿ ವಿಯೆನ್ನಾ ತಲುಪಿದಳು. ಇಂದಿನ ಕನ್ನಡದ ಹದಿಹರೆಯದ ಓದುಗಿಗೆ ಅವಳನ್ನು ಕಾಲೇಜಿನ ಯೂನಿಫಾರಮ್ಮಿನಲ್ಲಿ ಯಾರೂ ಭೇಟಿ ಮಾಡಿಸಲಿಲ್ಲ.

ಪಟ್ಟಣದ ಮಾಯೆಗೂ ನಮ್ಮಲ್ಲಿ ಮಾದರಿಯಿದೆ. 1990ರ ದಶಕದಲ್ಲಿ ಬೆಂಗಳೂರಿನಿಂದ ಹಳ್ಳಿಗಳವರೆಗೆ ಬಾಗಿಲ ಮೇಲೆ ಸುಣ್ಣದಲ್ಲೋ ಇಟ್ಟಿಗೆ ಚೂರಿನಲ್ಲೋ ‘ನಾಳೆ ಬಾ’ ಎಂದು ಬರೆದದ್ದನ್ನು ಆ ಕಾಲದವರು ಮರೆತಿರಲಾರರು. ರಾತ್ರಿ ಮನೆಯವರ ದನಿಯಲ್ಲೇ ಕೂಗುವ ದೆವ್ವ, ಬಾಗಿಲ ಬರಹ ಓದಿ ಹಿಂದಿರುಗುತ್ತದಂತೆ, ಮರುದಿನ ಬಂದರೆ ಮತ್ತೆ ಅದೇ ಬರಹ. ಬಾಡಿಗೆ ಮನೆ, ಬೀದಿದೀಪ, ಅಪರಿಚಿತ ನೆರೆಹೊರೆ ಇವುಗಳಿಂದ ಹುಟ್ಟಿದ ಅಪ್ಪಟ ಪಟ್ಟಣದ ಕಥೆ ಇದು. ಮುಂಬೈಯವರು 2018ರಲ್ಲಿ ಇದೇ ಎಳೆಯಿಂದ ‘ಸ್ತ್ರೀ’ ಚಿತ್ರ ಮಾಡಿ ದೊಡ್ಡ ಗೆಲುವು ಕಂಡರು. ಕನ್ನಡ ಬಾಗಿಲ ಮೇಲಿನ ಬರಹ ಅವರ ಬಂಡವಾಳವಾಯಿತು.

ಇಂಥ ಕಥೆಗಳು ಮೂಢನಂಬಿಕೆ ಬೆಳೆಸುವುದಿಲ್ಲವೇ ಎಂಬ ಆಕ್ಷೇಪ ಗಂಭೀರವಾದದ್ದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಕಟ್ಟಿದ ಎಚ್. ನರಸಿಂಹಯ್ಯನವರ ನಾಡು ಇದು. ಅಮಾನವೀಯ ಆಚರಣೆ ಮತ್ತು ವಾಮಾಚಾರ ತಡೆಗೆ ಕರ್ನಾಟಕ 2017ರಲ್ಲಿ ಕಾಯ್ದೆ ಮಾಡಿತು, 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಮುಟ್ಟಾದವರನ್ನು, ಗರ್ಭಿಣಿಯರನ್ನು ಬಲವಂತದಿಂದ ಹೊರಗಿಡುವುದೂ ಅದರಡಿ ಅಪರಾಧ. ಆದರೆ ಆಕ್ಷೇಪಿಸುವವರು ಎರಡು ಬಗೆಯ ಕಥೆಗಳನ್ನು ಬೇರ್ಪಡಿಸಬೇಕು. ರಾತ್ರಿ ಊಟದ ಹೊತ್ತಿಗೆ ಟಿವಿ ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ ಗೊಂಬೆ ಚುಚ್ಚಿ ಮಾಟ ಮಾಡಿಸುವುದು, ಸ್ವಾಮಿಯೊಬ್ಬ ಬಂದು ಬಿಡಿಸುವುದು ಭಯವನ್ನು ಬಿತ್ತುತ್ತದೆ. ನಿನ್ನ ಕಷ್ಟಕ್ಕೆ ಪಕ್ಕದ ಮನೆಯವಳು ಕಾರಣ ಎಂದು ಕಲಿಸುತ್ತದೆ. ಕಿಕಿಯ ಕಥೆ ಅದನ್ನು ಕಲಿಸುವುದಿಲ್ಲ. ಮಿಯಾಜಾಕಿಯ ಚಿತ್ರದಲ್ಲಿ ಒಂದು ಹಂತದಲ್ಲಿ ಕಿಕಿಗೆ ಹಾರಲಾಗುವುದಿಲ್ಲ, ಬೆಕ್ಕಿನ ಮಾತು ಅರ್ಥವಾಗುವುದಿಲ್ಲ. ಯಾರೂ ಮಾಟ ಮಾಡಿಸಿಲ್ಲ. ಹುಡುಗಿ ದಣಿದಿದ್ದಾಳೆ, ಒಂಟಿಯಾಗಿದ್ದಾಳೆ, ತನ್ನ ಮೇಲೆ ಭರವಸೆ ಕಳೆದುಕೊಂಡಿದ್ದಾಳೆ. ಪಿಯುಸಿ ಫಲಿತಾಂಶದ ಮುಂದೆ ಕುಸಿದು ಕೂತ ಹುಡುಗಿಗೆ ಇದಕ್ಕಿಂತ ವೈಜ್ಞಾನಿಕ ಪಾಠ ಬೇಕೇ? ಕಾದಂಬರಿಗಾರ್ತಿ ತ್ರಿವೇಣಿಯವರು ಅರವತ್ತು ವರ್ಷಕ್ಕೂ ಹಿಂದೆಯೇ ದೆವ್ವದ ಜಾಗದಲ್ಲಿ ಮನಸ್ಸನ್ನಿಟ್ಟು ಬರೆದವರು. ಒಳ್ಳೆಯ ಮಾಯಾಕಥೆ ಅವರ ದಾರಿಯ ಮುಂದುವರಿಕೆಯೇ.

ಈ ಕಪಾಟಿನಲ್ಲಿ ಜೊಳ್ಳೂ ಬಹಳವಿದೆ. 2005ರ ‘ಟ್ವೈಲೈಟ್’ ಗೆದ್ದ ಮೇಲೆ ಮಾಯೆ ಹೆಸರಿಗಷ್ಟೇ ಇದ್ದು, ನಾಯಕಿ ಸುಂದರ ಹುಡುಗನಿಗಾಗಿ ಕಾಯುವ ಪುಸ್ತಕಗಳು ರಾಶಿ ಬಿದ್ದವು. ಅವುಗಳ ಬಗ್ಗೆ ಹೆಚ್ಚು ಹೇಳುವುದು ಬೇಡ. ನಮ್ಮ ಸಾಯಿಸುತೆಯವರ ಕಾದಂಬರಿಗಳ ನಾಯಕಿಯರು ಅವರಿಗಿಂತ ಗಟ್ಟಿಗರು.

ಕನ್ನಡದ ಸ್ಥಿತಿ ಹೇಗಿದೆ? ಚಿಕ್ಕ ಮಕ್ಕಳಿಗೆ ಈಚೆಗೆ ಒಳ್ಳೆಯ ಬರವಣಿಗೆ ಬರುತ್ತಿದೆ. ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’ 2024ರ ಬಾಲ ಸಾಹಿತ್ಯ ಪುರಸ್ಕಾರ ಪಡೆಯಿತು, ಅದರ ಹಿಂದಿನ ವರ್ಷ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ದೊಡ್ಡವರಿಗೆ ತೇಜಸ್ವಿ ಇದ್ದಾರೆ. ನಡುವಿನ ಹದಿಮೂರರಿಂದ ಹದಿನೆಂಟರ ಹುಡುಗಿಗೆ ಕಪಾಟು ಖಾಲಿ. ಅವಳು ಪ್ರತಿಲಿಪಿಯಂಥ ಆ್ಯಪಿನಲ್ಲಿ ಕಂತು ಕಂತಾಗಿ ಬರುವ ದೆವ್ವದ ಕಥೆಗಳನ್ನು ಫೋನಿನಲ್ಲಿ ಓದುತ್ತಾಳೆ. ಓದುವ ಹಸಿವಿಲ್ಲ ಎಂಬ ದೂರು ಸುಳ್ಳು.

ಧರ್ಮಪುರವನ್ನೇ ಈ ಕಥೆಯ ಊರೆಂದುಕೊಂಡು ನೋಡಿ. ನೀರಿಗಾಗಿ ಪೂರಕ ನಾಲೆ ಬೇಕೆಂದು ತಲೆಮಾರುಗಳಿಂದ ಜನ ಕೇಳುತ್ತಾ ಬಂದ ದೊಡ್ಡ ಕೆರೆ. ಗಡಿ ದಾಟಿದರೆ ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ, ಆಂಧ್ರದ ನೆಲ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು. ತಾಲ್ಲೂಕಿನ ಆ ತುದಿಗೆ, 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಪಕ್ಕದಲ್ಲಿ ಕಣಿವೆ ಮಾರಮ್ಮ. ಜಿಲ್ಲೆಯ ಗುಡ್ಡಗಳ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳು. ಚಿತ್ರದುರ್ಗದ ಕೋಟೆಯಲ್ಲಿ ಹಿಡಿಂಬೇಶ್ವರ, ಒನಕೆ ಹಿಡಿದ ಓಬವ್ವ. 2021ರಿಂದ ಸರ್ಕಾರ ನವೆಂಬರ್ 11ರಂದು ಅವಳ ಜಯಂತಿ ಆಚರಿಸುತ್ತಿದೆ. ಅವಳ ಕೈಗೆ ಆಯುಧವಾಗಿ ಸಿಕ್ಕದ್ದು ಅಡುಗೆಮನೆಯ ಒನಕೆ. ಅವಳ ಊರಿನ ಇಂದಿನ ಹುಡುಗಿಯ ಕೈಗೆ ಕಥೆಗಾರ ಏನು ಕೊಡುತ್ತಾನೆ? ಬತ್ತಿದ ಕೆರೆಯ ನೀರಿನ ದನಿ ಕೇಳಬಲ್ಲ, ತೆಲುಗು ಕನ್ನಡ ಎರಡರಲ್ಲೂ ಮಂತ್ರ ಹೇಳಬಲ್ಲ, ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ತನ್ನ ಗೆಳತಿಯರ ಗುಂಪು ಕಟ್ಟಬಲ್ಲ ಹುಡುಗಿಯೊಬ್ಬಳು ಈ ನೆಲದಲ್ಲಿ ಹುಟ್ಟಲು ಯಾವ ಎರವಲೂ ಬೇಕಿಲ್ಲ.

ರಾಜ್ಯದಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಈಗ ಅವು ಅರಿವು ಕೇಂದ್ರಗಳಾಗಿವೆ, ‘ಓದುವ ಬೆಳಕು’ ಯೋಜನೆಯಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಪಕ್ಕ ಹದಿಹರೆಯದ ಹುಡುಗಿಗೆಂದೇ ಒಂದು ಸಾಲು ಪುಸ್ತಕ ಇಡುವುದು ಕಷ್ಟದ ಕೆಲಸವಲ್ಲ. ‘ಅಕಾಟಾ ವಿಚ್’ನ ಸನ್ನಿ, ಕಿಕಿ, ಟಿಫನಿ ಈ ಮೂವರನ್ನು ಕನ್ನಡಕ್ಕೆ ತರಲು ಅನುವಾದಕರೂ ಪ್ರಕಾಶಕರೂ ಮುಂದಾಗಲಿ. ಅದಕ್ಕಿಂತ ಮೊದಲು, ಚಿತ್ರದುರ್ಗ ಸೀಮೆಯಲ್ಲಿ ಬರೆಯುತ್ತಿರುವ ಹೆಣ್ಣುಮಕ್ಕಳೇ ಹೂಮರದ ಹುಡುಗಿಯನ್ನು ಹಿರಿಯೂರು ಬಸ್ಸು ಹತ್ತಿಸಲಿ. ಬರೆದು ಅಚ್ಚಾದ ಮೇಲೆ ಧರ್ಮಪುರದ ಗ್ರಂಥಾಲಯಕ್ಕೆ ಒಂದು ಪ್ರತಿ ತಪ್ಪದೆ ಕಳಿಸಿಕೊಡಿ.